ತತ್ತಿಗಳ್ಳರು ಎಂಬ ಮಾತು

ತಲೆಯ ಮೇಲೆ ಬೋರಲು ಹಾಕಿಕೊಂಡ ಬಿದಿರಿನ ಬುಟ್ಟಿ, ಅದು ಜಾರದಂತೆ ಗದ್ದದ ಕೆಳಗೆ ಬಿಗಿದ ಹಳೆಯ ಸೀರೆಯ ಪಟ್ಟಿ, ಬುಟ್ಟಿಯ ಮೇಲೆಲ್ಲ ಹಕ್ಕಿಯ ಹಿಕ್ಕೆ. ನಮ್ಮ ಪ್ರಾಣಿಶಾಸ್ತ್ರದ ಅಕ್ಕೋರನ್ನು ನೆನೆದರೆ ನನಗೆ ಮೊದಲು ಕಾಣುವುದು ಈ ವೇಷವೇ. ಬೇಸಿಗೆಯಲ್ಲಿ ಕೃಷ್ಣೆಯ ಹಿನ್ನೀರು ಇಳಿದು ನಡುಗಡ್ಡೆಗಳು ತಲೆ ಎತ್ತಿದಾಗ ಅಲ್ಲಿ ರೀವ ಎಂಬ ಹೊಳೆಹಕ್ಕಿಗಳು ಬರಿಯ ಗರಸಿನ ಮೇಲೆ ತತ್ತಿ ಇಡುತ್ತವೆ. ಯಾರಾದರೂ ಹತ್ತಿರ ಹೋದರೆ ಕಿರಿಚುತ್ತ ಎರಗಿ ನೆತ್ತಿಗೆ ಕುಕ್ಕುತ್ತವೆ. ಅದಕ್ಕೇ ಆ ಬುಟ್ಟಿ. ಓದುವ ಹುಡುಗಿಯರಾದ ನಮಗೂ ಒಂದೊಂದು ಬುಟ್ಟಿ ಹೊರಿಸಿ ಕರೆದೊಯ್ಯುತ್ತಿದ್ದರು.

ಬೂದುಬಣ್ಣದ ಬೆನ್ನು, ಕರಿಯ ಟೋಪಿ, ಹಳದಿ ಕೊಕ್ಕು, ಕವಲೊಡೆದ ಬಾಲ. "ಇವು ಸಮುದ್ರದ ಹಕ್ಕಿಗೋಳ ಕುಲದಾವು," ಎನ್ನುತ್ತಿದ್ದರು ಅಕ್ಕೋರು. "ಸಮುದ್ರ ನಮ್ಮ ಕಡೆ ಬರೂದಿಲ್ಲ. ಅದಕ್ಕ ತನ್ನ ಮಂದೀನ್ನ ಕಳಿಸೈತಿ."

ಅವರು ಇಂಡಿ ಊರಿನ ಅರಿವೆ ವ್ಯಾಪಾರಿಯ ಮಗಳು. ಮದುವೆಯಾಗಿರಲಿಲ್ಲ. ಬಾಗೇವಾಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಒಂದರಲ್ಲಿ ಅವರು, ಇನ್ನೊಂದರಲ್ಲಿ ಪುಸ್ತಕ ಮತ್ತು ಒಣಗಿದ ಗೂಡುಗಳು. ದೋಣಿಯಲ್ಲಿ ಕುಳಿತೇ ಸಜ್ಜಿ ರೊಟ್ಟಿಗೆ ಶೇಂಗಾ ಹಿಂಡಿ ಸವರಿ ನಮಗೆ ಹಂಚುತ್ತಿದ್ದರು. ನಾವು "ಬಹುಶಃ" ಎಂದರೆ ಸಿಟ್ಟು. "ಕಂಡದ್ದು ಹೇಳು. ಅನಿಸಿದ್ದು ಆಮ್ಯಾಲ," ಎಂದು ಬಾಯಿ ಮುಚ್ಚಿಸುತ್ತಿದ್ದರು.

ಅಂಥವರೇ ಒಂದು ಸಲ ಅನಿಸಿದ್ದನ್ನು ಮೊದಲು ಹೇಳಿಬಿಟ್ಟರು.

ಆ ವರ್ಷ ನಡುಗಡ್ಡೆಯಲ್ಲಿ ಮರಿಗಳು ಉಳಿಯಲಿಲ್ಲ. ಎಷ್ಟೋ ತತ್ತಿಗಳು ಒಡೆಯದೆ ಬಿಸಿಲಿಗೆ ಬಿದ್ದಿದ್ದವು, ಕೆಲವು ಚೂರಾಗಿದ್ದವು. ಗಡ್ಡೆಯ ಅಂಚಿಗೆ ಮೀನು ಹಿಡಿಯುವ ಗಂಡಹೆಂಡಿರ ಗುಡಿಸಲಿತ್ತು. ಬಲೆ ಒಣಗಿಸಲು ಬೇಸಿಗೆಯಲ್ಲಿ ಅವರು ಅಲ್ಲೇ ಇರುತ್ತಿದ್ದರು. ಅಕ್ಕೋರು ಗುಡಿಸಲು ನೋಡಿದರು, ಒಲೆಯ ಬೂದಿ ನೋಡಿದರು, ಒಡೆದ ತತ್ತಿ ನೋಡಿದರು. ಅಧಿಕಾರಿಗಳೂ ಊರವರೂ ಸೇರಿದ್ದ ಸಭೆಯಲ್ಲಿ ಎದ್ದು ನಿಂತು, "ಮನುಷ್ಯಾರು ಅಲ್ಲಿ ಇರೂತನ ಹಕ್ಕಿ ಉಳಿಯೂದಿಲ್ಲ. ತತ್ತಿ ಹೋಗಾಕತ್ತಾವು," ಎಂದರು.

ಮೀನುಗಾರ ಹಿಂದೆ ಗೋಡೆಗೆ ಒರಗಿ ನಿಂತಿದ್ದ. "ಹೊಳಿ ತುಂಬ ಮೀನ ಅದಾವ್ರಿ. ಹಕ್ಕಿ ತತ್ತಿ ನಮಗ್ಯಾಕ?" ಎಂದ. ಯಾರೋ "ತತ್ತಿಗಳ್ಳರು" ಎಂದರು. ಜನ ನಕ್ಕರು. ವಾರದೊಳಗೆ ಅಧಿಕಾರಿಗಳು ಗುಡಿಸಲು ಕೀಳಿಸಿದರು. ಗುಡಿಸಲು ಹೋಯಿತು, ಹೆಸರು ಉಳಿಯಿತು. ಸಾಲಿಯಲ್ಲಿ ಮೀನುಗಾರನ ಮಗಳನ್ನೂ ಹುಡುಗರು ಹಾಗೇ ಕರೆದರು. ಆಕೆ ಸಾಲಿ ಬಿಟ್ಟಳು.

ಮುಂದಿನ ಬೇಸಿಗೆಯಲ್ಲಿ ನಡುಗಡ್ಡೆಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಅಕ್ಕೋರು ಹುರುಪಿನಿಂದ ಬಂದರು. ಮರಿಗಳು ಆಗಲೂ ಉಳಿಯಲಿಲ್ಲ.

ಸಂಜೆ ಕತ್ತಲಾಗುವ ಹೊತ್ತಿಗೆ ದೂರದಿಂದ ದುರ್ಬೀನು ಹಿಡಿದು ಕುಳಿತ ಅಕ್ಕೋರು ಕಂಡರು: ಕಾವಿಗೆ ಕುಳಿತ ಹಕ್ಕಿಗಳು ಮತ್ತೆ ಮತ್ತೆ ಎದ್ದು ಮೈ ಕೊಡಹುತ್ತಿದ್ದವು, ಕೊನೆಗೆ ತತ್ತಿ ಬಿಟ್ಟು ಹಾರಿಹೋದವು. ಬೆಳಿಗ್ಗೆ ಗೂಡಿನ ಸುತ್ತಲಿನ ಕಲ್ಲುಗಳನ್ನು ಮಗುಚಿದೆವು. ಅಡಿಯಲ್ಲಿ ಉಣ್ಣಿ ಮುತ್ತಿಕೊಂಡಿದ್ದವು. ಸತ್ತ ಮರಿಯೊಂದರ ಕಣ್ಣಿನ ಸುತ್ತ, ರೆಕ್ಕೆಯ ಸಂದಿಯಲ್ಲಿ, ರಕ್ತ ಕುಡಿದು ಜೋಳದ ಕಾಳಿನಂತೆ ಉಬ್ಬಿದ ಉಣ್ಣಿ. ಅಕ್ಕೋರು ಆ ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಉಣ್ಣಿಗಳನ್ನು ಒಂದೊಂದಾಗಿ ಎಣಿಸಿದರು. ಒಡೆಯದ ತತ್ತಿಗಳನ್ನು ಪರೀಕ್ಷೆಗೆ ಕಳಿಸಿದರು. ಅವುಗಳಲ್ಲಿ ಬೆಳೆಗೆ ಹೊಡೆಯುವ ಔಷಧದ ಅಂಶ ಸಿಕ್ಕಿತು.

ತರಗತಿಗೆ ಬಂದು ನಿಂತೇ ಹೇಳಿದರು: "ಕಬ್ಬಿನ ಹೊಲದಾಗ, ದ್ರಾಕ್ಷಿ ತೋಟದಾಗ ಹೊಡದದ್ದು ಹಳ್ಳಕ್ಕ ಬರ್ತೈತಿ, ಹಳ್ಳದಿಂದ ಹೊಳಿಗೆ, ಮೀನಿಗೆ, ಮೀನಿಂದ ಹಕ್ಕಿ ಮೈಗೆ. ಆ ಮೈಯಾಗ ಉಣ್ಣಿ ತಡಿಯೂ ತಾಕತ್ತು ಉಳಿಯೂದಿಲ್ಲ. ತತ್ತಿ ಮ್ಯಾಲ ಕುಂಡರೂ ತಾಕತ್ತೂ ಇಲ್ಲ. ವಿಷ ಎಷ್ಟು, ಉಣ್ಣಿ ಎಷ್ಟು ಅಂತ ಬಿಡಿಸಿ ಹೇಳಾಕ ನನಗ ಬರೂದಿಲ್ಲ. ಆದ್ರ ಗುಡಿಸಲದಾಗ ಇದ್ದವರು ಅಲ್ಲ. ನಾನು ಏನಾತು ಅಂತ ಕೇಳೂಕಿಂತ ಮೊದಲ ಯಾರು ಅಂತ ಕೇಳಿದೆ." ಅಷ್ಟು ಹೇಳಿ ಪಾಠ ಮಾಡದೆ ಹೊರಗೆ ಹೋದರು.

ಅದೇ ಅಧಿಕಾರಿಗಳ ಮುಂದೆ ಹೋಗಿ ತಪ್ಪು ಒಪ್ಪಿಕೊಂಡರು. "ಬಿಡ್ರಿ ಮೇಡಂ, ಯಾರಿಗೆ ನೆನಪೈತಿ ಅದು," ಎಂದರಂತೆ ಅಲ್ಲಿದ್ದವರು. "ಅವರಿಗೆ ನೆನಪೈತ್ರಿ," ಎಂದರಂತೆ ಇವರು. ಗುಡಿಸಲು ಮತ್ತೆ ಹಾಕಲು ಒಪ್ಪಿಗೆ ಸಿಕ್ಕಿತು. ಗಂಡ ಅಷ್ಟರಲ್ಲಿ ಸಿಂದಗಿ ಕಡೆ ಭೀಮೆಯಲ್ಲಿ ಮೀನು ಹಿಡಿಯಲು ಹೋಗಿದ್ದ. ಹೆಂಡತಿ ಮುದ್ದೇಬಿಹಾಳದ ಸಂತೆಯಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಅಕ್ಕೋರು ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋದರು. ಆಕೆಯ ಪಕ್ಕ ನೆಲದ ಮೇಲೆಯೇ ಕುಳಿತು, ಬಂದವರಿಗೆಲ್ಲ ಗಟ್ಟಿಯಾಗಿ ಹೇಳತೊಡಗಿದರು: "ಇವರು ತತ್ತಿ ಕದ್ದಿಲ್ಲ. ನಾನೇ ಸುಳ್ಳು ಹೇಳಿದ್ದೆ." ಜನ ಗುಂಪುಗೂಡಿದರು.

ಆಕೆ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ, "ಏಳ್ರಿ ಅಕ್ಕೋರ," ಎಂದಳು. "ನೀವು ಕುಂತ್ರ ಮಂದಿ ನಿಮ್ಮನ್ನ ನೋಡ್ತಾರ, ಮೀನ ನೋಡೂದಿಲ್ಲ."

ಅಕ್ಕೋರ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಬೇರೆಂದೂ ಕಂಡಿಲ್ಲ. ಎದ್ದು ಕೈಮುಗಿದು ಬಂದರು. ಬಸ್ಸಿನಲ್ಲಿ, "ಖರೇ ಹೇಳಿದಳು," ಎಂದರು. "ಅಲ್ಲೂ ನಾನು ನನ್ನ ಸಲುವಾಗೇ ಕುಂತಿದ್ದೆ."

ಅದೇ ತಿಂಗಳು ನಮ್ಮೂರು ಮಸೂತಿಗೆ, ನಮ್ಮ ಮನೆಗೂ ಬಂದಿದ್ದರು. ಅಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿ ಚಹಾ ಕೊಡಿಸಿದರು. "ಹಕ್ಕಿ ಸಲುವಾಗಿ ಬೆಳಿ ಬಿಡಂದ್ರ ಹ್ಯಾಂಗ್ರಿ ಅಕ್ಕೋರ?" ಎಂದು ನಕ್ಕರು.

"ಬೆಳಿ ಬಿಡ್ರಿ ಅನ್ನೂದಿಲ್ಲ. ಔಷಧದ ಡಬ್ಬಿ, ಪಂಪು ಹಳ್ಳದಾಗ ತೊಳೀಬ್ಯಾಡ್ರಿ ಅಂತೇನಿ."

ಅಪ್ಪ "ಹೌದ್ರಿ, ಹೌದ್ರಿ" ಎಂದರು. ಅಕ್ಕೋರ ಬಸ್ಸು ಹೋದ ಮೇಲೆ ನಮ್ಮ ಆಳು ಪಂಪನ್ನು ಹಳ್ಳಕ್ಕೇ ಹೊತ್ತೊಯ್ದ. ಅಪ್ಪ ನೋಡಿ ಸುಮ್ಮನಿದ್ದರು. ಅಪ್ಪನನ್ನು ನೋಡುತ್ತ ನಾನೂ ಸುಮ್ಮನಿದ್ದೆ.

ನಿವೃತ್ತಿಯ ನಂತರವೂ ಅಕ್ಕೋರು ಪ್ರತಿ ಬೇಸಿಗೆಯಲ್ಲಿ ನಡುಗಡ್ಡೆಗೆ ಹೋಗುತ್ತಿದ್ದರು. ಕೆಲವು ವರ್ಷ ಹಕ್ಕಿಗಳು ಬೇರೆ ಗಡ್ಡೆಗೆ ಸರಿದು ಒಂದಿಷ್ಟು ಮರಿ ಹಾರಿಸಿದವು. ಕೆಲವು ವರ್ಷ ಅದೂ ಇಲ್ಲ. ಯಾರಾದರೂ ಹೊಗಳಿ ಮಾತಾಡಿದರೆ ಗುಡಿಸಲಿನ ಕಥೆಯನ್ನು ತಾವೇ ತೆಗೆದು ಹೇಳಿಬಿಡುತ್ತಿದ್ದರು. ಕೇಳಿದವರಿಗೆ ಮುಜುಗರವಾಗುತ್ತಿತ್ತು. ಹೋದ ಚಳಿಗಾಲದಲ್ಲಿ ಇಂಡಿಯ ತಮ್ಮನ ಮನೆಯಲ್ಲಿ, ಉಸಿರಿನ ಬೇನೆಯಿಂದ ತೀರಿಕೊಂಡರು.

ನಾನೀಗ ಮುದ್ದೇಬಿಹಾಳದಲ್ಲಿ ಮಾಸ್ತರಿಕೆ ಮಾಡುತ್ತೇನೆ. ಅಕ್ಕೋರ ಮಣ್ಣು ಮುಗಿಸಿ ಬಂದ ವಾರ ಸಂತೆಗೆ ಹೋಗಿ ಆ ಹೆಂಗಸಿಗೆ ಸುದ್ದಿ ಹೇಳಿದೆ. ಆಕೆಗೂ ವಯಸ್ಸಾಗಿದೆ. ಮೀನಿನ ಮೇಲೆ ನೀರು ಚಿಮುಕಿಸುತ್ತಿದ್ದ ಕೈ ನಿಂತಿತು.

"ಹೋದ್ರಾ," ಎಂದಳು. ಮತ್ತೆ ಮೀನಿಗೆ ನೀರು ಚಿಮುಕಿಸಿ, "ಒಳ್ಳೇಕಿ ಅಂತ ನಾ ಅನ್ನಾಂಗಿಲ್ಲ. ನನ್ನ ಮಗಳ ಸಾಲಿ ತಿರುಗಿ ಬರಲಿಲ್ಲ. ಆದ್ರ ಆಕಿ ಬಂದು ಹೇಳಿದ್ಲು. ವಿಷ ಬಿಟ್ಟವರು ಒಬ್ಬರೂ ಬಂದಿಲ್ಲ," ಎಂದಳು. ಆಮೇಲೆ ನನ್ನ ಮುಖ ನೋಡಿ, "ನಿಮ್ಮದ್ಯಾವ ಊರ್ರಿ?" ಎಂದು ಕೇಳಿದಳು.

"ಮಸೂತಿ," ಎಂದೆ. "ನಮ್ಮ ಹೊಲದ ನೀರೂ ಆ ಹೊಳಿಗೇ ಬರ್ತೈತಿ."

ಅಷ್ಟು ಹೇಳಲು ನನಗೆ ಅಕ್ಕೋರು ಸಾಯುವ ತನಕ ಬೇಕಾಯಿತು.