ಮನೆಯೊಳಗೆ ಬೂಟು ತೊಡಿಸಿದವರು

ಅವರ ಬೂಟು ಕಪ್ಪು, ದಪ್ಪ ಅಟ್ಟೆಯದು, ಲೇಸಿಗೆ ಎರಡೆರಡು ಗಂಟು. ನಮ್ಮ ಬಾಗಿಲಲ್ಲಿ ಅದನ್ನು ಡೋರ್‌ಮ್ಯಾಟಿಗೆ ನಾಲ್ಕು ಸಲ ಉಜ್ಜಿದರು. ಆಮೇಲೆ ನಾನು ತೋರಿಸಿದ ಚಪ್ಪಲಿ ಸ್ಟ್ಯಾಂಡನ್ನು ಕಂಡೂ ಕಾಣದವರಂತೆ ಬೂಟುಗಾಲಲ್ಲೇ ಒಳಗೆ ನಡೆದರು. ಮೊದಲ ನಿಮಿಷದಲ್ಲೇ ನನಗೆ ಅವರನ್ನು ಕಂಡರೆ ಆಗಲಿಲ್ಲ.

ನಾವಾಗ ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ ಹೊಸದಾಗಿ ಮನೆ ಕೊಂಡಿದ್ದೆವು. ನಾನು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಅಪ್ಪ ಹೋದ ಮೇಲೆ ಮೈಸೂರಿನಿಂದ ನಮ್ಮ ಜೊತೆ ಇರಲು ಬಂದ ಅಮ್ಮ, ಆ ಚಳಿಗಾಲ ಅಡುಗೆಮನೆಯಲ್ಲಿ ಬಿದ್ದು ಮುಂಗೈ ಮುರಿದುಕೊಂಡರು. ಒಮ್ಮೆ ಬಿದ್ದ ವಯಸ್ಸಾದವರು ಮತ್ತೆ ಬೀಳದಂತೆ ನೋಡಿಕೊಳ್ಳಲು ಮನೆಗೇ ಬರುವ ನರ್ಸ್ ಒಬ್ಬರಿರುತ್ತಾರೆ, ಫಾಲ್ಸ್ ನರ್ಸ್. ನಮ್ಮ ಜಿಪಿ, ಅಂದರೆ ಬಡಾವಣೆಯ ಡಾಕ್ಟರು, ಕಳಿಸಿದ ಈ ಬೂಟಿನ ನರ್ಸ್ ಹುಬ್ಬಳ್ಳಿಯವರು ಎಂದು ತಿಳಿದು ಹೆಂಡತಿ ಸಂಭ್ರಮದಿಂದ ಉಪ್ಪಿಟ್ಟು ಮಾಡಿದ್ದಳು. ಡ್ಯೂಟಿಯಲ್ಲಿ ತಿನ್ನುವುದಿಲ್ಲ ಎಂದು ಅವರು ತಟ್ಟೆ ಸರಿಸಿದರು. ಇಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಎಲ್ಲರೂ ತಮ್ಮ ಊರಿನ ಮಾತನ್ನು ಒಂಚೂರು ತಿದ್ದಿ ಬೆಂಗಳೂರಿನ ಕನ್ನಡ ಆಡುತ್ತಾರೆ. ಅವರು ನಮಗಾಗಿ ಆ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

ಕುರ್ಚಿಯ ಎತ್ತರ ಅಳೆದರು. ಅಮ್ಮನ ಕಾಲುಗುರು ನೋಡಿದರು. ಸೀರೆಯನ್ನು ಎರಡು ಬೆರಳು ಮೇಲಕ್ಕೆ ಉಡಲು ಹೇಳಿದರು. ಅಮ್ಮ ನಕ್ಕು ಒಪ್ಪಿದರು. ಆಮೇಲೆ ನರ್ಸ್ ಮಂಡಿಯೂರಿ ನೆಲದ ಮೇಲೆ ಅಂಗೈ ಸವರಿದರು. ಆಗ ಎಲ್ಲರೂ ಕಾರ್ಪೆಟ್ ಕಿತ್ತು ಮರದಂತೆ ಕಾಣುವ ಲ್ಯಾಮಿನೇಟ್ ನೆಲ ಹಾಕಿಸುತ್ತಿದ್ದ ಕಾಲ, ನಾವೂ ಹಾಕಿಸಿದ್ದೆವು. ಮನೆಯೊಳಗೆ ಚಪ್ಪಲಿ ಮೆಟ್ಟುವ ಪದ್ಧತಿ ನಮ್ಮಲ್ಲಿಲ್ಲ, ಬರಿಗಾಲಲ್ಲಿರಲು ಯಾರ್ಕ್‌ಷೈರಿನ ಚಳಿ ಬಿಡುವುದಿಲ್ಲ. ಅದಕ್ಕೆಂದು ನಾನೇ ಅಮ್ಮನಿಗೆ ದಪ್ಪ ಉಣ್ಣೆಯ ಕಾಲುಚೀಲ ತಂದುಕೊಟ್ಟಿದ್ದೆ. ನುಣುಪು ನೆಲದ ಮೇಲೆ ಉಣ್ಣೆಯ ಕಾಲುಚೀಲ. ಸೊಂಟ ಮುರಿದು ಬಂದ ಮುದುಕಿಯರನ್ನು ದಿನಾ ನೋಡುತ್ತಿದ್ದ ನನಗೆ ಅದು ಹೊಳೆದಿರಲಿಲ್ಲ.

"ಮನ್ಯಾಗೂ ಬೂಟ್ ಹಾಕ್ಕೊಂಡ ಅಡ್ಡಾಡ್ಬೇಕ್ರಿ ಅಜ್ಜಿ," ಎಂದರು. "ದೇವರ ಖೋಲಿಗೆ ಹೋಗುವಾಗೂ."

ಅಮ್ಮನ ಮುಖ ಸಪ್ಪಗಾಯಿತು. ನನಗೆ ರೇಗಿತು. ಅದು ಆಗದ ಮಾತು, ನಮ್ಮವರಾಗಿ ನಿಮಗೆ ಅಷ್ಟೂ ಗೊತ್ತಿಲ್ಲವೇ ಎಂದೆ. ನಾನೂ ಡಾಕ್ಟರೇ ಎಂದು ಸೇರಿಸಿದೆ. ಅವರು ಟೇಪು ಸುತ್ತುತ್ತ, ತಲೆಯೆತ್ತದೆ ಹೇಳಿದರು: "ನೀವು ಮಲಗಸೋ ಡಾಕ್ಟರ್ ಅದೀರಿ. ನಾ ಎಬ್ಬಿಸಿ ನಡಸಾಕಿ."

ಅಂದೇ ಸಂಜೆ ಅವರ ಮ್ಯಾನೇಜರಿಗೆ ಎರಡು ಪುಟದ ದೂರು ಬರೆದೆ. ಧಾರ್ಮಿಕ ಭಾವನೆ, ಅಗೌರವ, ವೃತ್ತಿಗೆ ಒಪ್ಪದ ನಡತೆ. ಯಾವ ಪದ ಬಿದ್ದರೆ ಇಲ್ಲಿನ ಕಚೇರಿಗಳು ಬೆಚ್ಚಿಬೀಳುತ್ತವೆಂದು ಅಷ್ಟು ವರ್ಷದಲ್ಲಿ ಚೆನ್ನಾಗಿ ಕಲಿತಿದ್ದೆ. ವಾರದೊಳಗೆ ಬೇರೆ ನರ್ಸ್ ಬಂದಳು, ಇಲ್ಲಿಯವಳೇ. ಬಾಗಿಲಲ್ಲೇ ಶೂ ಬಿಚ್ಚಿದಳು, ಕೈಮುಗಿದಳು, ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡಳು. ಬೂಟಿನ ಮಾತೆತ್ತದೆ ಒಂದು ಕರಪತ್ರ ಕೊಟ್ಟುಹೋದಳು. ನಮಗೆಲ್ಲ ಬಹಳ ಹಿಡಿಸಿದಳು.

ಅದಾಗಿ ಇಪ್ಪತ್ತು ದಿನಕ್ಕೆ ಅಮ್ಮ ಹೂವಿನ ತಟ್ಟೆ ಹಿಡಿದು ದೇವರ ಕೋಣೆಗೆ ಹೋಗುವಾಗ ಜಾರಿ ಬಿದ್ದರು. ಸೊಂಟ ಮುರಿಯಿತು. ನಮ್ಮ ಆಸ್ಪತ್ರೆಯಲ್ಲೇ ಆಪರೇಷನ್ ಆಯಿತು. ನಾನು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಆ ವಯಸ್ಸಿನಲ್ಲಿ ಸೊಂಟ ಮುರಿದವರು ಎಷ್ಟೋ ಜನ ಮತ್ತೆ ನಡೆಯುವುದಿಲ್ಲ, ವೃದ್ಧರ ಕೇರ್ ಹೋಮಿನ ಮಂಚ ಹಿಡಿಯುತ್ತಾರೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಮ್ಮ ಎಷ್ಟು ಹೆದರಿದ್ದರೆಂದರೆ ಮಂಚದಿಂದ ಕಾಲನ್ನೇ ಇಳಿಸಲೊಲ್ಲರು. ಫಿಸಿಯೋ ಬಂದರೆ ಕಣ್ಣು ಮುಚ್ಚಿ ನಿದ್ದೆ ನಟಿಸುತ್ತಿದ್ದರು. ಐದನೆಯ ದಿನ, ಆ ಬೂಟಿನಾಕೆಯನ್ನು ಕರೆಸು ಎಂದರು. ನಾನು ಕರೆಸಲಿಲ್ಲ. ಹೆಂಡತಿ ಫೋನ್ ಮಾಡಿದಳು.

ಅವರು ವಾರ್ಡಿಗೆ ಬಂದು ಮೊದಲು ನನ್ನ ಮುಂದೆ ನಿಂತರು. "ನಿಮ್ಮ ಪತ್ರ ಓದೇನ್ರಿ ಸರ," ಎಂದರು. "ಇಂಗ್ಲಿಷ್ ಭಾಳ ಛಲೋ ಐತಿ." ನನ್ನನ್ನು ಆಚೆಗೇ ಬಿಟ್ಟು ಮಂಚದ ಸುತ್ತ ಪರದೆ ಎಳೆದುಕೊಂಡರು. ಒಳಗಿನ ಮಾತು ನನಗೆ ಕೇಳಿಸುತ್ತಿತ್ತು. ಹೊಸ ಕ್ಯಾನ್ವಾಸ್ ಬೂಟು ತಂದಿದ್ದರು. ಇದು ಬೀದಿ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ, ಮನೆಯೊಳಗೇ ಹುಟ್ಟಿ ಮನೆಯೊಳಗೇ ಸವೆಯುತ್ತದೆ, ಇದಕ್ಕೆಂಥ ಮೈಲಿಗೆ ಎಂದು ಅಮ್ಮನನ್ನು ಗದರಿಸುತ್ತಿದ್ದರು. ಅರ್ಧ ಗಂಟೆ ಕಳೆದು ಪರದೆ ಸರಿದಾಗ ಅಮ್ಮ ನಿಂತಿದ್ದರು. ನನಗೆ ಸಂತೋಷಕ್ಕಿಂತ ಮೊದಲು ಹೊಟ್ಟೆ ಉರಿಯಿತು.

ಅಮ್ಮ ಮನೆಗೆ ಮರಳಿದ ಮೇಲೆ ನರ್ಸ್ ಮೂರು ತಿಂಗಳು ವಾರಕ್ಕೆರಡು ಸಲ ಬಂದರು. ಗೋಡೆ ಹಿಡಿದರೆ ಅಮ್ಮನಿಗೆ ಬೈಗುಳ, ಅಮ್ಮನ ತೋಳು ಹಿಡಿದರೆ ನನಗೆ. ಒಮ್ಮೆ ನನ್ನ ಕೈಯನ್ನು ಚಟ್ಟನೆ ಹೊಡೆದೇ ಬಿಟ್ಟರು. ನೀವು ಹಿಡಿದಷ್ಟು ದಿನ ಅವರ ಕಾಲಿಗೆ ಬಲ ಬರುವುದಿಲ್ಲ ಎಂದರು. ಬಿದ್ದರೆ ಏಳುವುದು ಹೇಗೆಂದು ತೋರಿಸಲು ತಾವೇ ನೆಲದ ಮೇಲೆ ಉದ್ದಕ್ಕೆ ಮಲಗಿ, ಮಗ್ಗುಲಾಗಿ, ಕುರ್ಚಿ ಹಿಡಿದು ಎದ್ದರು. ವಸಂತ ಬರುವ ಹೊತ್ತಿಗೆ ಅಮ್ಮ ಒಬ್ಬರೇ ಬಸ್‌ಸ್ಟಾಪಿನವರೆಗೆ ಹೋಗಿಬರುತ್ತಿದ್ದರು.

ಅಷ್ಟರಲ್ಲಿ ದೂರಿನ ಸಂಗತಿ ಹೆಂಡತಿಯ ಬಾಯಿಂದ ಅಮ್ಮನ ಕಿವಿಗೆ ಬಿದ್ದಿತ್ತು. ತಪ್ಪಾಯಿತೆಂದು ಇನ್ನೊಂದು ಪತ್ರ ಬರೆ ಎಂದು ಹಟ ಹಿಡಿದರು. ದಿನಾ ಕೇಳುತ್ತಿದ್ದರು. ಮ್ಯಾನೇಜರ ಮುಂದೆ ತಲೆ ತಗ್ಗಿಸಲು ನನಗೆ ಮನಸ್ಸು ಬರಲಿಲ್ಲ. ಬರೆದೆ ಎಂದು ಸುಳ್ಳು ಹೇಳಿದೆ.

ನರ್ಸ್ ಕೊನೆಯ ಸಲ ಬಂದ ದಿನ ಅಮ್ಮ ಅವರ ಕೈ ಹಿಡಿದುಕೊಂಡು, ನನ್ನೆದುರೇ ಕೇಳಿದರು. "ನನ್ ಮಗ ತಪ್ಪಾಯ್ತು ಅಂತ ಬರೆದಿದಾನಲ್ಲ, ಆ ಕಾಗದ ತಲುಪಿತೇನಮ್ಮಾ?"

ಅವರು ನನ್ನ ಮುಖವನ್ನೇ ನೋಡಿದರು. ನಾನು ನೆಲ ನೋಡಿದೆ.

"ಬಂದೈತ್ರಿ ಅಜ್ಜಿ," ಎಂದರು. "ಭಾಳ ಛಲೋ ಬರದಾರ."

ಬಾಗಿಲವರೆಗೆ ಹಿಂದೆಯೇ ಹೋಗಿ, ನಾಳೆ ಖಂಡಿತ ಬರೆಯುತ್ತೇನೆ ಎಂದೆ. ಅವರು ಟೀಮಿನ ಮುಖ್ಯಸ್ಥೆಯ ಕೆಲಸಕ್ಕೆ ಅರ್ಜಿ ಹಾಕಿದ್ದರಂತೆ. ಫೈಲಿನಲ್ಲಿ ದೂರಿದ್ದುದರಿಂದ ಕಳೆದ ವಾರ ಅದು ಬೇರೆಯವರ ಪಾಲಾಯಿತಂತೆ. ಡ್ಯೂಟಿ ಪಟ್ಟಿ ಬದಲಾಗಿದೆ ಎನ್ನುವಷ್ಟು ಸಾದಾ ದನಿಯಲ್ಲಿ ಅದನ್ನು ಹೇಳಿದರು. "ಇನ್ನ ಬರೀಬ್ಯಾಡ್ರಿ," ಎಂದು ಕಾರು ಹತ್ತಿದರು. ಮುಂದೆ ಅವರು ಕೆಲಸ ಬಿಟ್ಟು ಹುಬ್ಬಳ್ಳಿಗೆ ಹೋದರೆಂದು ಯಾರೋ ಹೇಳಿದರು. ವಿಳಾಸ ಸಿಗಲಿಲ್ಲ. ನಾನು ಹುಡುಕಿದ್ದೂ ಅಷ್ಟಕ್ಕಷ್ಟೆ.

ಅಮ್ಮ ಆಮೇಲೆ ಆರು ವರ್ಷ ಬದುಕಿದರು. ಒಮ್ಮೆಯೂ ಬೀಳಲಿಲ್ಲ. ಕಡೆಯವರೆಗೂ ಮನೆಗೆ ಬಂದವರ ಮುಂದೆಲ್ಲ, ನನ್ನ ಮಗ ತಪ್ಪು ಮಾಡಿದರೆ ಒಪ್ಪಿಕೊಳ್ಳುವವನು ಎಂದು ಹೇಳಿಕೊಳ್ಳುತ್ತಿದ್ದರು. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದೆ.