ಪೋಚಮ್ಮ ಸರಿಸಿದ ಸೆರಗು

ತೆಲಂಗಾಣ ಗಡಿಯ ಕೆ.ಟಿ. ದೊಡ್ಡಿ ಕಡೆಯ ಪೋಚಮ್ಮ ಯಾವ ಸಂಘದ ಪದಾಧಿಕಾರಿಯೂ ಅಲ್ಲ. ಪುಣೆಯಲ್ಲಿ ಕಲ್ಲುಮಣ್ಣು ಹೊತ್ತು, ಬೆನ್ನು ಹಾಳಾದ ಮೇಲೆ ಊರಿಗೆ ಮರಳಿದವಳು. ಅಲ್ಲಿ ತಾಡಪತ್ರಿ ಗುಡಾರದಲ್ಲೇ ಹಡೆದವಳು. ಹಾಗಾಗಿ ಹತ್ತಿಬೀಜದ ಹೊಲದಂಚಿನಲ್ಲಿ ವಲಸೆ ಕೂಲಿಗಳ ತಾಡಪತ್ರಿ ಕಂಡರೆ ಕಾಲು ಅತ್ತ ಹೋಗುತ್ತದೆ.

ಹೋದ ವರ್ಷ ಅಲ್ಲಿ ಜೋಗಿ ಇದ್ದಳು. ಬಸ್ತರದ ಕಾಡಿನವಳು. ಅವಳ ಊರಿಗೆ ನಕ್ಸಲರು, ಪೊಲೀಸರು, ಎರಡೂ ಕಡೆಯವರು ಬಂದೂಕು ಹಿಡಿದೇ ಬರುತ್ತಿದ್ದರು. ಗಂಡನನ್ನು ಎಳೆದೊಯ್ದವರು ಯಾರೆಂದು ಅವಳು ಕೊನೆಗೂ ಬಾಯಿ ಬಿಡಲಿಲ್ಲ. ಹರಕು ತೆಲುಗು, ಮಡಿಲಲ್ಲಿ ಎಲುಬೆದ್ದ ಹೆಣ್ಣುಮಗು. ಪೋಚಮ್ಮ ಮಗುವನ್ನು ಗದ್ವಾಲದ ದವಾಖಾನೆಗೆ ಒಯ್ದಳು. ಕ್ಷಯ ಅಂದರು, ಒಂದು ದಿನವೂ ಗುಳಿಗೆ ತಪ್ಪಬಾರದು ಅಂದರು. ಗುಡಾರದಲ್ಲಿ ಇಲಿ ಕಾಟವೆಂದು ಗುಳಿಗೆಗಳನ್ನು ತನ್ನ ಮನೆಯಲ್ಲೇ ಇಟ್ಟು, ಬೆಳಿಗ್ಗೆ ಹೋಗಿ ನೀರಲ್ಲಿ ಕರಗಿಸಿ ಕುಡಿಸುತ್ತಿದ್ದಳು. ಮಗು ಎದ್ದು ಕೂರತೊಡಗಿತು.

ಆಗ ರಾಯಚೂರಿನಿಂದ ನೆರವು ಸಂಸ್ಥೆಯೊಂದರ ಜೀಪು ಬಂತು. ಅಕ್ಕಿ, ಕಂಬಳಿ, ಜೊತೆಗೆ ಬ್ಯಾನರ್. ಫೋಟೋ ಅಂದಕೂಡಲೇ ಜೋಗಿ ಸೆರಗೆಳೆದು ಮುಖ ಮುಚ್ಚಿಕೊಂಡಳು.

"ತಡೀರಿ ಸಾರ್, ಹೊಸಾ ಮದಿಮಗಳಂಗ ನಾಚ್ತಾಳ," ಎಂದು ನಕ್ಕ ಪೋಚಮ್ಮ ತಾನೇ ಸೆರಗು ಸರಿಸಿದಳು. ನಮ್ಮ ಕಡೆ ಪಿಂಚಣಿಗೂ ಫೋಟೋ, ರೇಷನ್ನಿಗೂ ಹೆಬ್ಬೆಟ್ಟು. ಮುಖ ತೋರಿಸದೆ ಏನಾದರೂ ಸಿಗುತ್ತದೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

ಮರುದಿನ ಗುಡಾರ ಖಾಲಿ. ಅಕ್ಕಿಚೀಲ ಬಿಚ್ಚದೆ ಬಿದ್ದಿತ್ತು.

"ಅವರ ಕಡೆ ಬಂದೂಕಿನವರು ಫೋಟೋ ಹಿಡ್ಕೊಂಡು ಮನಿ ಮನಿ ಹುಡುಕ್ತಾರಕ್ಕಾ," ಎಂದ ಕೂಲಿಗಳ ಮೇಸ್ತ್ರಿ ಎಂಕಪ್ಪ. "ನಿನಗ್ಯಾಕ ಬೇಕಿತ್ತು ಶಾಣ್ಯಾತನ?"

"ನನಗೇನ್ ಗೊತ್ತೋ. ಗುಳಿಗಿ ನಮ್ಮನ್ಯಾಗ ಅದಾವ."

ಗುಳಿಗೆ ಉಡಿಯಲ್ಲಿ ಕಟ್ಟಿಕೊಂಡು ಗದ್ವಾಲ ರೈಲು ಸ್ಟೇಷನ್, ಮಕ್ತಲ್ ಬಸ್‌ಸ್ಟ್ಯಾಂಡ್, ವಡ್ಡೆಪಲ್ಲಿಯ ಹೊಲಗಳೆಲ್ಲ ತಿರುಗಿದಳು. ಸಿಗಲಿಲ್ಲ. ಮಗು ಯಾವುದೋ ಮೆಣಸಿನಕಾಯಿ ಹೊಲದಲ್ಲಿ ತೀರಿಕೊಂಡಿತೆಂದು ಎಂಕಪ್ಪನೇ ಸುದ್ದಿ ತಂದ. ಪೋಚಮ್ಮ ಅವತ್ತು ಒಲೆ ಹಚ್ಚಲಿಲ್ಲ.

ಈ ವರ್ಷ ಬೇರೆ ಗುಡಾರಗಳು. ಅದೇ ಜೀಪು.

"ಅಕ್ಕಿ ಇಟ್ಟು ಹೋಗ್ರಿ. ಮಾರಿ ಫೋಟೋ ಕೇಳಬ್ಯಾಡ್ರಿ," ಎಂದಳು.

"ದುಡ್ಡು ಕೊಟ್ಟೋರಿಗೆ ತೋರಿಸಬೇಕಲ್ಲಮ್ಮಾ," ಎಂದರು ಜೀಪಿನವರು.

"ಕೊಟ್ಟೋರು ಇವರನ್ನ ಕಾಯಾಕ ಬರ್ತಾರೇನ್ರಿ?"

ಅವರು ಚೀಲಗಳನ್ನು ಮತ್ತೆ ಜೀಪಿಗೇರಿಸಿದರು. ಗುಡಾರದ ಹೆಂಗಸರು ತಮ್ಮ ಮಾತಿನಲ್ಲಿ ಪೋಚಮ್ಮನನ್ನು ಬೈದರು. ಅರ್ಥವಾಗದಿದ್ದರೂ ತಲೆ ತಗ್ಗಿಸಿ ಕೇಳಿಸಿಕೊಂಡಳು. ಮನೆಗೆ ಹೋಗಿ ಇದ್ದಷ್ಟು ಜೋಳದ ಹಿಟ್ಟು ತಂದಳು. ಅದು ಎರಡು ಗುಡಾರಕ್ಕೂ ಸಾಲಲಿಲ್ಲ.