ಅಂಗಳದ ಅರುಂಧತಿ

ನನ್ನ ಮದುವೆ ಆದದ್ದು ನಡುಮಧ್ಯಾಹ್ನ. ಪುರೋಹಿತರು ನಮ್ಮಿಬ್ಬರನ್ನೂ ಛತ್ರದ ಬಾಗಿಲಿಗೆ ಕರೆತಂದು, ಉರಿಬಿಸಿಲಿಗೆ ಬೆರಳು ಮಾಡಿ, "ಅರುಂಧತಿ ಕಾಣ್ತಾ?" ಎಂದರು. ನನ್ನ ಗಂಡ "ಕಾಣ್ತು" ಅಂದ. ನಾನೂ ಅಂದೆ. ಹಿಂದಿದ್ದ ನೆಂಟರಿಷ್ಟರೂ ಅಂದರು. ಹಗಲಲ್ಲಿ ನಕ್ಷತ್ರ ಎಲ್ಲಿಯದು ಎಂದು ಒಬ್ಬರಾದರೂ ಕೇಳಬಾರದೇ!

ಅತ್ತೆಗೆ ಮಾತ್ರ ಅದು ಸಾಲಲಿಲ್ಲ. ಹಂಪಾಪುರದ ಮನೆಗೆ ಬಂದ ಸಂಜೆ, ಕತ್ತಲಾಗುತ್ತಲೇ ನನ್ನನ್ನು ಅಂಗಳಕ್ಕೆ ಎಳೆದುಕೊಂಡು ಹೋಗಿ ಬಡಗಲಿಗೆ ತಿರುಗಿಸಿದರು. "ಏಳು ಚುಕ್ಕಿ ನೋಡವ್ವ. ಬಾಲದಲ್ಲಿ ನಡುವಿಂದು ವಸಿಷ್ಠ. ಅವ್ನ ಪಕ್ಕ ಸಣ್ಣಕೈತಲ್ಲ, ಅವ್ಳೇ ಅರುಂಧತಿ. ಕಾಣ್ತಾ?" ನನಗೆ ಕಂಡದ್ದು ಚೆಲ್ಲಿದ ಹಿಟ್ಟಿನಂಥ ಒಂದು ಮಸುಕು. ಹೊಸ ಮನೆ, ಹೊಸ ಅತ್ತೆ. "ಕಾಣ್ತು ಕಣತ್ತೆ" ಎಂದುಬಿಟ್ಟೆ.

ಹದಿನೆಂಟು ವರ್ಷ ಆ ಸುಳ್ಳು ತಣ್ಣಗೆ ಮಲಗಿತ್ತು. ಕರೆಂಟ್ ಹೋದಾಗಲೆಲ್ಲ ನಾವಿಬ್ಬರೂ ಜಗಲಿಯಲ್ಲಿ ಕೂತು ಆಕಾಶ ನೋಡುತ್ತಿದ್ದೆವು. ಅತ್ತೆ ಅರುಂಧತಿಯನ್ನು ನೋಡುತ್ತಿದ್ದರು, ನಾನು ಅತ್ತೆಯನ್ನು. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಬಿಸಿ ವಾಸನೆ ಗಾಳಿಯಲ್ಲಿ ತೇಲಿ ಬರುವಾಗ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಹೋದ ಯುಗಾದಿಯಲ್ಲಿ ಎಲ್ಲರೂ ಚಂದ್ರನನ್ನು ನೋಡಿ, ಊಟ ಮುಗಿಸಿ ಒಳಗೆ ಹೋದರು. ಅತ್ತೆ ಮಾತ್ರ ಬಡಗಲಿಗೆ ತಿರುಗಿ ನಿಂತೇ ಇದ್ದರು. "ಅವ್ಳು ಕಾಣ್ತಿಲ್ಲ ಕಣವ್ವ" ಎಂದರು. ಅರುಂಧತಿ ಕಾಣದವರು ಆರು ತಿಂಗಳು ಬದುಕುವುದಿಲ್ಲ ಎಂಬುದು ನಮ್ಮ ಕಡೆಯ ಮಾತು.

ಮಾರನೆಯ ದಿನದಿಂದ ಅತ್ತೆ ಹೊರಟವರ ಹಾಗೆ ಆಡತೊಡಗಿದರು. ಕಿವಿಯ ಓಲೆ ಬಿಚ್ಚಿ ನನ್ನ ಮಗಳಿಗೆ ಕೊಟ್ಟರು. ಕಣ್ಣಿನಲ್ಲಿ ಪೊರೆ ಇದ್ದೀತು, ನಮ್ಮ ತಾಲ್ಲೂಕು ಊರು ಕೋಟೆಯಲ್ಲಿ ಕಣ್ಣಿನ ಶಿಬಿರವಿದೆ, ಬನ್ನಿ ಎಂದರೆ, "ಓಗೋಳ್ಗೆ ಆಪ್ರೇಶನ್ ಯಾಕವ್ವ, ಬುಡು" ಎಂದರು. ಅವರನ್ನು ಕಳೆದುಕೊಳ್ಳುವುದು ನನ್ನಿಂದಾಗದು. ಹೆತ್ತವಳೊಟ್ಟಿಗೆ ಬಾಳಿದಷ್ಟೇ ವರ್ಷ ಅವರೊಟ್ಟಿಗೂ ಬಾಳಿದ್ದೇನೆ.

ಮೂರನೆಯ ದಿನ ತಾಳ್ಮೆ ಕೆಟ್ಟಿತು. ಮುದ್ದೆಯ ತಟ್ಟೆ ಕುಕ್ಕಿ, "ನಾನು ಒಂದು ದಿನಾನೂ ಅವಳನ್ನ ನೋಡಿಲ್ಲ ಕಣತ್ತೆ! ಹದಿನೆಂಟು ವರ್ಷ ಆಯ್ತು, ಸತ್ನಾ? ಸತ್ತೋಳು ನಿಮಗೆ ಮುದ್ದೆ ತಿರುವ್ತಿದೀನಾ?" ಎಂದು ಕಿರುಚಿದೆ. ಆಮೇಲೆ ಭಯವಾಯಿತು.

ಅತ್ತೆ ಬಾಯಿಬಿಟ್ಟು ನೋಡಿದರು. "ಅಯ್ಯೋ ನಿನ್ ಮಕ ಮುಚ್ಚ! ಸಾವ್ರ ಸುಳ್ಳೇಳಿ ಒಂದ್ ಮದ್ವೆ ಮಾಡು ಅಂತಾರೆ. ಸಾವ್ರದೊಂದ್ನೇದು ನೀನೇ ಏಳ್ದಲ್ಲ!" ನಗುತ್ತಾ ನಗುತ್ತಾ ಅತ್ತರು. ಕಣ್ಣೊರೆಸಿಕೊಂಡು, "ನಡಿ, ಇಬ್ರೂ ತೋರ್ಸ್ಕಳಾವ" ಎಂದರು.

ಅವರಿಗೆ ಪೊರೆ ತೆಗೆದರು, ನನಗೆ ಕನ್ನಡಕ ಬಂತು. ತೆಂಗಿನ ಗರಿಯಲ್ಲಿ ಎಳೆ ಎಳೆ ಬೇರೆ ಇರುತ್ತದೆಂದು ನನಗೆ ಮೊದಲು ಗೊತ್ತಾದದ್ದು ಆ ಶಿಬಿರದ ಬಾಗಿಲಲ್ಲಿ.

ವೈಶಾಖದ ಒಂದು ಸಂಜೆ ಮಳೆ ಬಂದು ನಿಂತಿತ್ತು. ಜಗಲಿಯಲ್ಲಿ ಮಗಳು ಮೊಬೈಲ್ ನೋಡಿ, "ಅಜ್ಜಿ, ಅದು ಎರಡೇ ಅಲ್ವಂತೆ. ವಸಿಷ್ಠನೇ ನಾಲ್ಕು, ಅರುಂಧತಿ ಎರಡು, ಒಟ್ಟು ಆರು ನಕ್ಷತ್ರ" ಎಂದಳು. "ಕೂಡು ಕುಟುಂಬ ಅನ್ನು" ಎಂದರು ಅತ್ತೆ. "ಒಲೆಗಳೆಷ್ಟೋ ಕೇಳು."

ಆಮೇಲೆ ಅವರು ತಲೆ ಎತ್ತಿದರು. ಬಹಳ ಹೊತ್ತು ನೋಡಿ, "ಅವ್ಳೇ ಕಣವ್ವ, ಅಲ್ಲೇ ಅವ್ಳೆ" ಎಂದರು. ನಾನೂ ನೋಡಿದೆ. ದೊಡ್ಡ ಚುಕ್ಕಿಯ ಪಕ್ಕದಲ್ಲಿ, ಸಣ್ಣಗೆ, ತನ್ನಷ್ಟಕ್ಕೆ ಇದ್ದಳು. ಇಷ್ಟು ವರ್ಷವೂ ಇದ್ದಳು. ಕಣ್ಣು ತುಂಬಿ ಬಂತು, ಕನ್ನಡಕ ಮಂಜಾಯಿತು, ಆಕಾಶವೆಲ್ಲ ಮತ್ತೆ ಚೆಲ್ಲಿದ ಹಿಟ್ಟು.

ಅತ್ತೆ ನನ್ನ ಕೈ ಹಿಡಿದುಕೊಂಡರು. "ಈವಾಗ ನಿಜ ಏಳು. ಕಾಣ್ತಾ?"

ಏನೂ ಕಾಣುತ್ತಿರಲಿಲ್ಲ. "ಕಾಣ್ತು ಕಣತ್ತೆ" ಎಂದೆ.